ಮಕ್ಕಳ ಐತಿಹಾಸಿಕ ಕಥೆಗಳಲ್ಲಿ ರಾಜರ ಬದಲು ಯಾರೋ ಸಾಮಾನ್ಯ ಮಗುವೇ ಮುಖ್ಯ ಪಾತ್ರ ಆಗಿರುತ್ತದಲ್ಲ, ಯಾಕೆ?

ರಾಜನಿಗೆ ಕೊನೆಗೆ ಏನಾಯಿತು ಎಂಬುದು ಆಗಲೇ ದಾಖಲಾಗಿರುತ್ತದೆ. ಕಲ್ಪನೆಯ ಮಗುವಿಗೆ ಏನಾಗುತ್ತದೆ ಎಂಬುದು ಪುಟ ತಿರುಗಿಸುವವರೆಗೂ ಗೊತ್ತಾಗುವುದಿಲ್ಲ. ಎಂಟು-ಹತ್ತು ವರ್ಷದ ಮಕ್ಕಳನ್ನು ಓದಿಸುವುದು ಆ ಕುತೂಹಲವೇ.

ಒಂದು ಉದಾಹರಣೆ ನೋಡಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು, ಇಟಲಿಯ ಪಾಂಪೇ ನಗರ ಬೂದಿಯಡಿ ಹೂತುಹೋಯಿತು. ಲೇಖಕರು ಇದನ್ನು ಬದಲಿಸುವಂತಿಲ್ಲ. ಆದರೆ ಅಲ್ಲಿನ ಬ್ರೆಡ್ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಬಹುದು. ಬೆಟ್ಟದ ಮೇಲೆ ಹೊಗೆ ಎದ್ದಾಗ ಅವಳಿಗೆ ಏನೂ ಅರ್ಥವಾಗುವುದಿಲ್ಲ. ತಮ್ಮನನ್ನು ಹುಡುಕಬೇಕಾ, ಸುಮ್ನೆ ಓಡಿಬಿಡಬೇಕಾ? ಓದುವ ಮಗುವೂ ಅವಳ ಜೊತೆಗೇ ತಡಬಡಾಯಿಸುತ್ತದೆ. ಅವಳು ಕಲ್ಪನೆ, ಆದರೆ ಅವಳ ಕೈಯಲ್ಲಿರುವ ಬ್ರೆಡ್ ಕಲ್ಪನೆಯಲ್ಲ. ಎಂಟು ಭಾಗವಾಗಿ ಗೆರೆ ಹಾಕಿದ ದುಂಡನೆಯ ಬ್ರೆಡ್‌ಗಳು, ಕರಕಲಾಗಿ, ಪಾಂಪೇಯ ಅಗೆತದಲ್ಲಿ ನಿಜವಾಗಿ ಸಿಕ್ಕಿವೆ.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಈ ಬ್ರೆಡ್ಡೇ. ಚಿಕ್ಕ ಮಕ್ಕಳಿಗೆ 'ಸುಮಾರು 2000 ವರ್ಷದ ಹಿಂದೆ' ಎಂದರೆ ಬರೀ ದೊಡ್ಡ ಸಂಖ್ಯೆ. ಆಗಿನವರು ಏನು ತಿಂದರು, ನೀರು ಎಲ್ಲಿಂದ ತಂದರು, ರಾತ್ರಿ ಬೆಳಕಿಗೆ ಏನು ಮಾಡಿದರು ಎಂದು ಹೇಳಿದರೆ ಆ ಕಾಲ ಕಣ್ಣಿಗೆ ಕಟ್ಟುತ್ತದೆ. ಮನೆಕೆಲಸಕ್ಕೆ ಓಡಾಡುವ ಮಗುವಿನ ಕಥೆಯಲ್ಲಿ ಇವೆಲ್ಲ ತಾನಾಗಿಯೇ ಬರುತ್ತವೆ, ಅಲ್ವಾ?

ಇಂಥ ಎಷ್ಟೋ ಪುಸ್ತಕಗಳ ಕೊನೆಯಲ್ಲಿ ಯಾವುದು ನಿಜ, ಯಾವುದು ಕಲ್ಪನೆ ಎಂದು ಲೇಖಕರ ಟಿಪ್ಪಣಿ ಇರುತ್ತದೆ. ಅದನ್ನು ಮಗುವಿನ ಜೊತೆ ಕೂತು ಓದಿ. 'ಆ ಹುಡುಗಿ ನಿಜವಾಗಿ ಇದ್ದಳಾ?' ಎಂಬ ಪ್ರಶ್ನೆ ಖಂಡಿತ ಬರುತ್ತದೆ.