ನವೆಂಬರ್‌ನಲ್ಲಿ ಟುರಿನ್‌ಗೆ ಹೋಗಿ ಜೊಕೊವಿಚ್ ಆಟ ನೋಡಬೇಕು ಅಂತಿದೆ, ಈಗಲೇ ಟಿಕೆಟ್ ತಗೊಳ್ಳಲಾ?

ತಗೋಬೇಡಿ. ಕಡೇಪಕ್ಷ ಈ ಉತ್ತರ ಓದಿ ಮುಗಿಸುವ ತನಕ ಕಾರ್ಡ್ ನಂಬರ್ ಹಾಕಬೇಡಿ.

ಬೆಂಗಳೂರಿನಲ್ಲಿದ್ದೇನೆ, ಒಂದೇ ಒಂದು ಸಲ ಜೊಕೊವಿಚ್‌ನನ್ನು ಕಣ್ಣಾರೆ ನೋಡಬೇಕು, ಶಾಂಘೈ, ಪ್ಯಾರಿಸ್, ಟುರಿನ್ ಮೂರರಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ಮನಸ್ಸು ಟುರಿನ್ ಕಡೆಗೇ, ಅಂದರೆ ಇಟಲಿಯಲ್ಲಿ ನಡೆಯುವ ಟೆನಿಸ್ ಸೀಸನ್ನಿನ ಕೊನೆಯ ಟೂರ್ನಿ ಎಟಿಪಿ ಫೈನಲ್ಸ್ ಕಡೆಗೇ ವಾಲಿದೆ ಅಂತ ಗೊತ್ತಾಗುತ್ತದೆ. "ಎಟಿಪಿ ಫೈನಲ್ಸ್‌ನಲ್ಲಿ ಆಡುವುದೇ ಎಂಟು ಜನ, ಅವನು ಸಿಗದೆ ಎಲ್ಲಿ ಹೋಗ್ತಾನೆ" ಅಂತ ಬೇರೆ ಬರೆದಿದ್ದೀರಿ. ಇದೇ ಮಾತನ್ನು 2025ರ ಮೇ ತಿಂಗಳಲ್ಲಿ ನಾನು ನನ್ನ ಹೆಂಡತಿಗೆ ಹೇಳಿದ್ದೆ.

ನಾನು ಗಾಂಧಿನಗರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಸೆಪ್ಟೆಂಬರ್, ಅಕ್ಟೋಬರ್ ನಮಗೆ ಟ್ಯಾಕ್ಸ್ ಆಡಿಟ್ ಸಮಯ. ಮನೆಯಲ್ಲಿ ಮದುವೆ ಅಂದರೂ "ಎರಡು ದಿನ ಸಾಕಲ್ವಾ" ಅಂತ ಕೇಳುತ್ತಾರೆ. ಹಾಗಾಗಿ ಅಕ್ಟೋಬರ್ ಶುರುವಿನ ಶಾಂಘೈಗೆ ಹೋಗುವ ಹಾಗಿಲ್ಲ, ಅದೇ ತಿಂಗಳ ಕೊನೆಯ ಪ್ಯಾರಿಸ್‌ಗೂ ಹೋಗುವ ಹಾಗಿಲ್ಲ. ಉಳಿದದ್ದು ನವೆಂಬರ್ ಎರಡನೇ ವಾರದ ಟುರಿನ್. ನಿಮ್ಮ ಹಾಗೆ ಮೂರನ್ನೂ ತೂಗಿ ನೋಡುವ ಭಾಗ್ಯವೇ ನನಗಿರಲಿಲ್ಲ.

ಟಿಕೆಟ್ ತಗೊಂಡಿದ್ದು ನವೆಂಬರ್ 12, ಬುಧವಾರಕ್ಕೆ. ಮಧ್ಯಾಹ್ನದ್ದೊಂದು, ರಾತ್ರಿಯದ್ದೊಂದು. ಬುಧವಾರವೇ ಯಾಕೆ ಅಂದರೆ ಶನಿವಾರ, ಭಾನುವಾರಕ್ಕಿಂತ ಕಮ್ಮಿ ರೇಟು. ಸೋಮವಾರ ರಾತ್ರಿ ಹೊರಟು ಶುಕ್ರವಾರ ವಾಪಸ್ ಬಂದರೆ ವಿಮಾನದ ಟಿಕೆಟ್ಟೂ ಅಗ್ಗ, ರಜೆಯೂ ನಾಲ್ಕೇ ದಿನ. ಎಕ್ಸೆಲ್ ಶೀಟಿನಲ್ಲಿ ಎಲ್ಲಾ ಹಾಕಿದ್ದೆ. ಹೋಟೆಲ್ ಇತ್ತು, ವೀಸಾ ಫೀಸ್ ಇತ್ತು, ಚಳಿಗೆ ಒಳಗೆ ಹಾಕಿಕೊಳ್ಳುವ ಥರ್ಮಲ್ಸ್ ಕೂಡ ಇತ್ತು. ಒಟ್ಟು ಎರಡು ಲಕ್ಷ ದಾಟಿತ್ತು. ಜೊಕೊವಿಚ್ ಯಾವ ದಿನ ಆಡುತ್ತಾನೆ ಅನ್ನುವ ಕಾಲಂ ಮಾತ್ರ ಇರಲಿಲ್ಲ.

ನಾನು ಕೆಟ್ಟಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಗ್ರ್ಯಾಂಡ್ ಸ್ಲಾಂ ನೋಡಿ ಬೆಳೆದವರಿಗೆ ಟೆನಿಸ್ ಟಿಕೆಟ್ ಅಂದರೆ ಜಾತ್ರೆಗೆ ಹೋದ ಹಾಗೆ. ಹತ್ತಾರು ಕೋರ್ಟು, ಬೆಳಿಗ್ಗೆಯಿಂದ ರಾತ್ರಿವರೆಗೆ ಆಟ, ಇಲ್ಲಿ ಬೇಜಾರಾದರೆ ಅಲ್ಲಿಗೆ ಹೋಗು. ಟುರಿನ್‌ನಲ್ಲಿ ಇರುವುದು ಒಂದೇ ಕೋರ್ಟು. ಎಂಟು ಜನರನ್ನು ನಾಲ್ಕು ನಾಲ್ಕರ ಎರಡು ಗುಂಪು ಮಾಡುತ್ತಾರೆ. ಗುಂಪಿನೊಳಗೆ ಪ್ರತಿಯೊಬ್ಬನೂ ಉಳಿದ ಮೂವರ ಜೊತೆ ಆಡಬೇಕು. ಎರಡೂ ಗುಂಪು ಸೇರಿ 12 ಮ್ಯಾಚು. ಭಾನುವಾರದಿಂದ ಶುಕ್ರವಾರದವರೆಗೆ ಆರು ದಿನ, ದಿನಕ್ಕೆರಡು: ಮಧ್ಯಾಹ್ನದ ಸೆಷನ್‌ಗೆ ಒಂದು ಸಿಂಗಲ್ಸ್, ರಾತ್ರಿಯದಕ್ಕೆ ಒಂದು. ಪ್ರತಿಯೊಂದಕ್ಕೂ ಮುಂಚೆ ಒಂದು ಡಬಲ್ಸ್. ಈಗ ಲೆಕ್ಕ ಹಾಕಿ. 12 ಸೆಷನ್‌ನಲ್ಲಿ ನಿಮ್ಮ ಹುಡುಗ ಇರುವುದು ಮೂರರಲ್ಲಿ. ಒಂದು ಸೆಷನ್‌ಗೆ ಟಿಕೆಟ್ ತಗೊಂಡರೆ ಅವನು ಸಿಗುವುದು ನಾಲ್ಕಕ್ಕೆ ಒಂದು ಸಲ. ನನ್ನ ಹಾಗೆ ಇಡೀ ದಿನದ್ದು ತಗೊಂಡರೆ ಎರಡಕ್ಕೆ ಒಂದು. ನಾಣ್ಯ ಚಿಮ್ಮಿದ ಹಾಗೆ.

ಇನ್ನೂ ಇದೆ ಕೇಳಿ. ಯಾರು ಯಾವ ಗುಂಪು ಅಂತ ಗೊತ್ತಾಗುವುದು ಟೂರ್ನಿಗೆ ಎರಡು ಮೂರು ದಿನ ಇರುವಾಗ. ಅದಕ್ಕಿಂತ ಮುಂಚೆ ಆ ಎಂಟು ಜನ ಯಾರು ಅನ್ನುವುದೇ ಪೂರ್ತಿ ಗೊತ್ತಿರುವುದಿಲ್ಲ. ಜನವರಿಯಿಂದ ಗಳಿಸಿದ ಪಾಯಿಂಟ್ಸ್ ಮೇಲೆ ಅದು ನಿಂತಿರುತ್ತದೆ, ಕೊನೇ ವಾರದವರೆಗೂ ಎಳೆದಾಟ. ನಾನು ಮೇ ತಿಂಗಳಲ್ಲಿ, ವಿಜಯನಗರದ ಮನೆಯಲ್ಲಿ ಕೂತು, ಇನ್ನೂ ಆಯ್ಕೆಯೇ ಆಗದ ಆಟಗಾರ ಇನ್ನೂ ಮಾಡದ ಗುಂಪಿನಲ್ಲಿ ಇನ್ನೂ ಹಾಕದ ಮ್ಯಾಚ್ ಆಡುವುದನ್ನು ನೋಡಲು ದುಡ್ಡು ಕಟ್ಟಿದ್ದೆ. ಕ್ಲೈಂಟ್ ಬಿಲ್ಲಿನಲ್ಲಿ ಒಂದು ರೂಪಾಯಿ ಹೆಚ್ಚು ಕಮ್ಮಿ ಆದರೆ ಹಿಡಿಯುವವನು ನಾನು!

ನವೆಂಬರ್ 8, ಶನಿವಾರ ರಾತ್ರಿ. ಸೂಟ್‌ಕೇಸ್ ಅರ್ಧ ತುಂಬಿತ್ತು. ಅಥೆನ್ಸ್‌ನಲ್ಲಿ ಬೇರೊಂದು ಟೂರ್ನಿಯ ಫೈನಲ್, ಜೊಕೊವಿಚ್ ಎದುರು ಇಟಲಿಯ ಮುಸೆಟ್ಟಿ. ಮುಸೆಟ್ಟಿ ಗೆದ್ದರೆ ಟುರಿನ್‌ನ ಕೊನೆಯ ಜಾಗ ಅವನಿಗೆ, ಸೋತರೆ ಕೆನಡಾದ ಫೆಲಿಕ್ಸ್‌ಗೆ. ಹತ್ತಿರ ಹತ್ತಿರ ಮೂರು ಗಂಟೆ ಆಡಿದರು. 4-6, 6-3, 7-5. 38ನೇ ವಯಸ್ಸಿನಲ್ಲಿ ನಮ್ಮವನಿಗೆ 101ನೇ ಟೈಟಲ್. ನಾನು ಸೋಫಾ ಮೇಲೆ ನಿಂತುಬಿಟ್ಟಿದ್ದೆ. ಅದಾದ ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಸುದ್ದಿ: ಗಾಯ ಇದೆ, ಟುರಿನ್‌ಗೆ ಬರುತ್ತಿಲ್ಲ. ಆ ಜಾಗ ಈಗತಾನೇ ಸೋತ ಮುಸೆಟ್ಟಿಗೆ.

ಅಮ್ಮ ಚಟ್ನಿಪುಡಿ ಕವರಿಗೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. "ಅವ್ನೇ ಬರಲ್ಲ ಅಂದ್ಮೇಲೆ ನೀನ್ ಹೋಗಿ ಏನ್ ಮಾಡ್ತೀಯೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋಟೆಲ್ ದುಡ್ಡು ವಾಪಸ್ ಬರುವ ಹಾಗಿರಲಿಲ್ಲ, ಆಫೀಸಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಹೋದೆ.

ಮಿಲಾನ್‌ನಲ್ಲಿ ಇಳಿದು ಬಸ್ಸು ಹಿಡಿದು ಟುರಿನ್ ಮುಟ್ಟುವಷ್ಟರಲ್ಲಿ ಮಂಗಳವಾರ ಸಂಜೆ. ಹೋಟೆಲಿನ ಕೌಂಟರ್ ಹಿಂದೆ ಒಬ್ಬ ವಯಸ್ಸಾದ ಮನುಷ್ಯ, ಪಕ್ಕದಲ್ಲಿ ಸಣ್ಣ ಟಿವಿ. ರಾತ್ರಿ ಅದರಲ್ಲಿ ಮುಸೆಟ್ಟಿ ಮತ್ತು ಡಿ ಮಿನೋರ್ ಮ್ಯಾಚ್ ಬರುತ್ತಿತ್ತು. ನಾನೂ ನಿಂತುಕೊಂಡೆ. ಅವರಿಗೆ ಇಂಗ್ಲಿಷ್ ಬರದು, ನನಗೆ ಇಟಾಲಿಯನ್ ಬರದು. ಮೂರನೇ ಸೆಟ್ 7-5ಕ್ಕೆ ಮುಸೆಟ್ಟಿ ಗೆದ್ದಾಗ ಅವರು ಕೌಂಟರ್‌ಗೆ ಎಷ್ಟು ಜೋರಾಗಿ ಬಡಿದರು ಅಂದರೆ ಕೀ ಗೊಂಚಲು ಕೆಳಗೆ ಬಿತ್ತು. ಅದನ್ನು ಎತ್ತಿಕೊಡುವಾಗ ನನಗೆ ಹೊಳೆಯಿತು. ಮುಸೆಟ್ಟಿ ಆಡುತ್ತಿರುವುದು ಜೊಕೊವಿಚ್ ಜಾಗದಲ್ಲಿ. ಆ ಗುಂಪಿನ ಆಟ ಮಂಗಳವಾರ, ಗುರುವಾರ. ನನ್ನ ಟಿಕೆಟ್ ಬುಧವಾರದ್ದು. ಅವನು ಬಂದಿದ್ದರೂ ನಾನು ಇದೇ ಕೌಂಟರ್ ಮುಂದೆ ನಿಂತು ಟಿವಿಯಲ್ಲೇ ನೋಡಬೇಕಾಗಿತ್ತು!

ವಿಚಿತ್ರ ಅನ್ನಿಸಬಹುದು, ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಬುಧವಾರ ಏನು ನೋಡಿದೆ ಅಂತಲೂ ಹೇಳಬೇಕು. ಅದು 2006ರ ಚಳಿಗಾಲದ ಒಲಿಂಪಿಕ್ಸ್‌ಗೆ ಅಂತ ಕಟ್ಟಿದ ಒಳಾಂಗಣ, ಆಗ ಐಸ್ ಹಾಕಿ ಆಡಿದ ಜಾಗ. ಗಾಳಿ ಇಲ್ಲ, ಬಿಸಿಲಿಲ್ಲ. ಕತ್ತಲಲ್ಲಿ ಕೋರ್ಟ್ ಒಂದಕ್ಕೇ ಬೆಳಕು. ಮಧ್ಯಾಹ್ನ ಫೆಲಿಕ್ಸ್ ಮತ್ತು ಬೆನ್ ಶೆಲ್ಟನ್. ಫೆಲಿಕ್ಸ್ ಸರ್ವ್‌ಗೆ ಮುಂಚೆ ಚೆಂಡು ಪುಟಿಸುವ ಸದ್ದು ನಾನು ಕೂತ ಮೇಲಿನ ಸಾಲಿಗೂ ಕೇಳುತ್ತಿತ್ತು. ಟಿವಿಯಲ್ಲಿ ಆ ಸದ್ದನ್ನು ಕಾಮೆಂಟರಿ ನುಂಗಿಬಿಡುತ್ತದೆ. ಮೊದಲ ಸೆಟ್ ಹೋಯಿತು, ಎರಡನೆಯದು ಟೈಬ್ರೇಕ್, ಮೂರನೆಯದು 7-5. ಗೆದ್ದವನು ಫೆಲಿಕ್ಸ್. ಆ ಹುಡುಗ ನನಗೆ ಏನೂ ಆಗಬೇಕಿಲ್ಲ, ಆದರೂ ಕೊನೆಗೆ ಗಂಟಲು ಕಟ್ಟಿತ್ತು. ರಾತ್ರಿ ಇಟಲಿಯವನೇ ಆದ ಸಿನ್ನರ್ 6-4, 6-3ಕ್ಕೆ ಜ್ವೆರೆವ್‌ನನ್ನು ಮುಗಿಸಿದ. ಊರಿಗೆ ಊರೇ ಅವನ ಕಡೆ. ಅದು ಮ್ಯಾಚ್‌ಗಿಂತ ಮನೆ ಮದುವೆ ಥರ ಇತ್ತು.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಡಬಲ್ಸ್ ನೋಡುವಾಗ. ಅರ್ಧ ಸೀಟು ಖಾಲಿ. ನಮ್ಮ ರೋಹನ್ ಬೋಪಣ್ಣ ಇದೇ ಕೋರ್ಟಿನಲ್ಲಿ 2023ರಲ್ಲಿ, 2024ರಲ್ಲಿ ಎಬ್ಡೆನ್ ಜೊತೆ ಆಡಿದ್ದರು. 2023ರಲ್ಲಿ ಸೆಮಿಫೈನಲ್‌ವರೆಗೆ ಬಂದಿದ್ದರು, 43ನೇ ವಯಸ್ಸಿನಲ್ಲಿ. ಅದಕ್ಕೂ ಹಿಂದೆ, ಈ ಟೂರ್ನಿ ಲಂಡನ್‌ನಲ್ಲಿ ನಡೆಯುತ್ತಿದ್ದಾಗ, 2012ರಲ್ಲಿ ಭೂಪತಿ ಜೊತೆ, 2015ರಲ್ಲಿ ಮೆರ್ಜಿಯಾ ಜೊತೆ ಫೈನಲ್‌ಗೆ ಹೋಗಿ ಸೋತಿದ್ದರು. ಕೊಡಗಿನವರು, ಬೆಂಗಳೂರಿನವರು, ಎದುರು ಸಿಕ್ಕರೆ ಕನ್ನಡದಲ್ಲೇ ಕೂಗಿ ಕರೆಯಬಹುದಾಗಿದ್ದ ಮನುಷ್ಯ. "ಡಬಲ್ಸ್ ತಾನೇ, ಜೊಕೊವಿಚ್ ಆಡುವಾಗ ಹೋಗೋಣ" ಅಂತ ಆ ಎರಡು ವರ್ಷವೂ ನಾನು ಮನೆಯಲ್ಲೇ ಕೂತಿದ್ದೆ. ನಾನು ಟುರಿನ್‌ಗೆ ಹೋಗುವ ಹತ್ತು ದಿನ ಮುಂಚೆ, ನವೆಂಬರ್ 1ಕ್ಕೆ, ಅವರು ನಿವೃತ್ತಿ ಹೇಳಿಬಿಟ್ಟರು. ಪ್ಯಾರಿಸ್‌ನಲ್ಲಿ ಆಡಿದ್ದೇ ಕೊನೆ.

ಈಗ ನಿಮ್ಮ ಪ್ರಶ್ನೆಗೆ. ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ಯುಎಸ್ ಓಪನ್ ಮುಗಿದ ಮೇಲಿನ ಟೆನಿಸ್ ಒಬ್ಬನನ್ನು ನಂಬಿಕೊಂಡು ನೋಡುವಂಥದ್ದಲ್ಲ. ಹತ್ತು ತಿಂಗಳು ಆಡಿ ಎಲ್ಲರ ಮೈ ಹಣ್ಣಾಗಿರುತ್ತದೆ. ದೊಡ್ಡವರು ಬರುತ್ತೇನೆ ಅಂದು ಬರುವುದಿಲ್ಲ. ಜೊಕೊವಿಚ್ 2024ರಲ್ಲಿ ಪ್ಯಾರಿಸ್‌ಗೂ ಬರಲಿಲ್ಲ, ಟುರಿನ್‌ಗೂ ಬರಲಿಲ್ಲ. 2025ರಲ್ಲೂ ಅದೇ ಕತೆ. ಅವನ ವಯಸ್ಸಿಗೆ ಅದು ಸರಿಯೇ, ನಾನು ದೂರುವುದಿಲ್ಲ. ಅವನನ್ನೇ ನೋಡಬೇಕು ಅಂದರೆ ಯಾವುದಾದರೂ ಗ್ರ್ಯಾಂಡ್ ಸ್ಲಾಂಗೆ ಹೋಗಿ. ಅವನು ಮೈ ಉಳಿಸಿಕೊಳ್ಳುವುದೇ ಅವುಗಳಿಗಾಗಿ.

ಸೀಸನ್ ಕೊನೆಯ ಮಜಾ ಇರುವುದು ಆರರಿಂದ ಹನ್ನೆರಡನೇ ಜಾಗದವರ ಒದ್ದಾಟದಲ್ಲಿ, ಯಾರೂ ಹೆಸರು ಕೇಳದವರಲ್ಲಿ. 2025ರ ಶಾಂಘೈ ನೋಡಿದಿರಾ? ಮೊನಾಕೊದ ವಾಶೆರೊ, ರ‍್ಯಾಂಕ್ 204. ಮುಖ್ಯ ಟೂರ್ನಿಗೆ ಮುಂಚಿನ ಅರ್ಹತಾ ಸುತ್ತಿಗೂ, ಅಂದರೆ ಕ್ವಾಲಿಫೈಯಿಂಗ್‌ಗೂ, ಕಾಯುವ ಪಟ್ಟಿಯಿಂದ ಬಂದವನು. ಸೆಮಿಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನು? ನಮ್ಮ ಜೊಕೊವಿಚ್‌ನನ್ನೇ. ಫೈನಲ್‌ನಲ್ಲಿ ಎದುರಿಗೆ ಸಿಕ್ಕಿದ್ದು ಸ್ವಂತ ಕಸಿನ್, ರಿಂಡರ್‌ನೆಕ್. 4-6, 6-3, 6-3. ಇಷ್ಟು ಕೆಳಗಿನ ರ‍್ಯಾಂಕ್‌ನಿಂದ ಬಂದು ಮಾಸ್ಟರ್ಸ್ 1000 (ಗ್ರ್ಯಾಂಡ್ ಸ್ಲಾಂಗಿಂತ ಒಂದು ಮೆಟ್ಟಿಲು ಕೆಳಗಿನ ದೊಡ್ಡ ಟೂರ್ನಿಗಳು) ಗೆದ್ದವರು ಹಿಂದೆ ಯಾರೂ ಇಲ್ಲ. ಮಾರನೇ ದಿನ ಅವನ ರ‍್ಯಾಂಕ್ 40. ಭಾನುವಾರ ಊಟ ಮಾಡಿ ಮಜ್ಜಿಗೆ ಲೋಟ ಹಿಡಿದು ಇದನ್ನೆಲ್ಲ ನಾನು ಮನೆಯಲ್ಲೇ ನೋಡಿದ್ದು. ಖರ್ಚು ಸೊನ್ನೆ.

ಶಾಂಘೈ ನಮಗಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ಸಂಜೆಯ ಮ್ಯಾಚೂ ನಮಗೆ ಕಾಫಿ ಹೊತ್ತಿಗೇ ಬರುತ್ತದೆ. ಯುರೋಪಿಗೆ ಬಂದ ಮೇಲೆ ಒಂದು ಎಚ್ಚರ ಇರಲಿ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ. ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗುತ್ತದೆ. ಟುರಿನ್‌ನ ರಾತ್ರಿ ಎಂಟೂವರೆಯ ಮ್ಯಾಚ್ ನಮಗೆ ನಡುರಾತ್ರಿ ಒಂದಕ್ಕೆ. ನಾನು ಅದನ್ನು ಎದ್ದು ನೋಡುವುದಿಲ್ಲ, ಮಧ್ಯಾಹ್ನದ್ದು ಸಂಜೆ ಆರೂವರೆಗೆ ಸಿಗುತ್ತದೆ, ಅಷ್ಟೇ ಸಾಕು.

ಇಷ್ಟು ಹೇಳಿದರೂ ಹೋಗಿಯೇ ಹೋಗುತ್ತೀರಿ ಅಂತ ಗೊತ್ತು. ನಾನೂ ಯಾರ ಮಾತೂ ಕೇಳಿರಲಿಲ್ಲ. ಹಾಗಿದ್ದರೆ ಒಂದು ದಿನಕ್ಕೆ ಮಾತ್ರ ತಗೋಬೇಡಿ. ಮಂಗಳವಾರದಿಂದ ಶುಕ್ರವಾರದ ನಡುವೆ ಅಕ್ಕಪಕ್ಕದ ಎರಡು ದಿನ, ನಾಲ್ಕೂ ಸೆಷನ್. 2025ರ ಹಾಗೆಯೇ ನಡೆದರೆ ಎಂಟೂ ಜನ ಕಣ್ಣಿಗೆ ಬೀಳುತ್ತಾರೆ. ಡಬಲ್ಸ್‌ಗೆ ಲೇಟಾಗಿ ಹೋಗಬೇಡಿ.

ಅಲ್ಲಿವರೆಗೆ ಇಲ್ಲೇ ಒಂದು ಕೆಲಸ ಮಾಡಿ. ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಟೆನಿಸ್ ಸಂಸ್ಥೆ ಕೆಎಸ್‌ಎಲ್‌ಟಿಎಯಲ್ಲಿ ಬೆಂಗಳೂರು ಓಪನ್ ಚಾಲೆಂಜರ್, ಅಂದರೆ ದೊಡ್ಡ ಟೂರ್ನಿಗಳಿಗಿಂತ ಕೆಳಹಂತದ್ದು, ನಡೆಯುತ್ತದೆ. ಹಿಂದೆ ಅದೂ ಸೀಸನ್ ಕೊನೆಗೇ ಬರುತ್ತಿತ್ತು, 2017ರ ನವೆಂಬರ್‌ನಲ್ಲಿ ಸುಮಿತ್ ನಾಗಲ್ ಗೆದ್ದಿದ್ದು ಅಲ್ಲೇ. ಈಚೆಗೆ ವರ್ಷದ ಶುರುವಿಗೆ ಹೋಗಿದೆ. 204ನೇ ರ‍್ಯಾಂಕ್ ಅಂದರೆ ಅಲ್ಲಿ ಬಂದು ಆಡುವವರ ಮಟ್ಟ. ನಾನು ವಿಜಯನಗರದಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕಿನಲ್ಲಿ ಇಳಿಯುತ್ತೇನೆ. ಹೋದ ಸಲ ಬೇಲಿ ಪಕ್ಕದ ಕೋರ್ಟಿನಲ್ಲಿ ಕ್ವಾಲಿಫೈಯಿಂಗ್ ನೋಡುತ್ತಿದ್ದಾಗ ಒಂದು ಚೆಂಡು ನನ್ನ ಕಾಲ ಹತ್ತಿರ ಬಂತು. ಎತ್ತಿ ಕೊಟ್ಟೆ, ಆ ಹುಡುಗ ಥ್ಯಾಂಕ್ಸ್ ಅಂದ. ಅವನ ಹೆಸರು ಬರೆದಿಟ್ಟುಕೊಂಡಿದ್ದೇನೆ.