ಹಾಡು ಹಾಕಿದರೆ ಹೋಂವರ್ಕ್ ಆಗುತ್ತದೆಯೇ?

ಪ್ರಶ್ನೆ: ಮಗನಿಗೆ 9 ವರ್ಷ. ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ) ಬೆಳಿಗ್ಗೆ ಮೀಥೈಲ್‌ಫೆನಿಡೇಟ್ ಮಾತ್ರೆ ಕೊಡುತ್ತಿದ್ದೇವೆ. ಶಾಲೆಯಲ್ಲಿ ಪರವಾಗಿಲ್ಲ, ಸಂಜೆ ಮಾತ್ರ ಹೋಂವರ್ಕ್‌ಗೆ ಕೂರುವುದೇ ಇಲ್ಲ. ಅವನಿಗಿಷ್ಟದ ಹಾಡು ಹಾಕಿದರೆ ಗಮನ ನಿಲ್ಲುತ್ತದೆ, ಆಮೇಲೆ ಮಾತ್ರೆ ಬಿಡಬಹುದು ಎನ್ನುತ್ತಾರೆ ನೆಂಟರು. ನಿಜವೇ?
— ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮಾತ್ರೆ ಬಿಡುವ ಮಾತು ಬೇಡ. ಹಾಡು ಅದರ ಜಾಗಕ್ಕೆ ಬರುವುದಿಲ್ಲ. ಜೊತೆಗಿರಬಲ್ಲದು, ಅದೂ ಎಲ್ಲ ಮಕ್ಕಳಿಗಲ್ಲ.

ಸಾದಾ ಮಾತ್ರೆಯ ಪ್ರಭಾವ ಸುಮಾರು 4 ಗಂಟೆ. ಸಂಜೆಗೆ ಅದು ಇಳಿದಿರುತ್ತದೆ, ಮಧ್ಯಾಹ್ನ ಮುಚ್ಚಿದ್ದ ಹಸಿವು ಅದೇ ಹೊತ್ತಿಗೆ ಕೆರಳುತ್ತದೆ. ಮೊದಲು ಒಂದು ತಟ್ಟೆ ಮಂಡಕ್ಕಿ ಕೊಡಿ, ಹಾಡಿನ ಮಾತು ಆಮೇಲೆ. ಮಾತ್ರೆಯ ಹೊತ್ತು ಬದಲಿಸುವುದಿದ್ದರೆ ವೈದ್ಯರೇ ಹೇಳಬೇಕು. ತಡವಾಗಿ ಕೊಟ್ಟರೆ ನಿದ್ದೆ ಕೆಡುತ್ತದೆ.

ಕೂಡುವ, ಕಳೆಯುವ ಲೆಕ್ಕಕ್ಕೆ, ನೋಡಿ ಬರೆಯುವುದಕ್ಕೆ ಪರಿಚಿತ ಹಾಡು ನಡೆಯುತ್ತದೆ. ಓದುವುದಕ್ಕೆ, ಬಾಯಿಪಾಠಕ್ಕೆ ಸಾಹಿತ್ಯವಿರುವ ಹಾಡು ಬೇಡವೇ ಬೇಡ: ಹಾಡಿನ ಪದವೂ ಪಾಠದ ಪದವೂ ತಲೆಯಲ್ಲಿ ಒಂದೇ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಕೊಳಲು, ವೀಣೆಯ ವಾದನ ಹಾಕಿ ನೋಡಿ. ಅದೂ ತೊಡಕಾದರೆ ಮೌನವೇ ಸರಿ. ಆಯ್ಕೆ ಅವನದೇ ಇರಲಿ, ಆದರೆ ಭಾನುವಾರವೇ ನಾಲ್ಕೈದು ಹಾಡು ಡೌನ್‌ಲೋಡ್ ಮಾಡಿಡಿ. ಪುಸ್ತಕ ತೆರೆದ ಮೇಲೆ ಹಾಡು ಹುಡುಕಲು ಕೂತರೆ ಕಾಲು ಗಂಟೆ ಅದರಲ್ಲೇ ಹೋಗುತ್ತದೆ. ಮೊಬೈಲ್ ಏರೋಪ್ಲೇನ್ ಮೋಡ್‌ನಲ್ಲಿ ಪಕ್ಕದ ಕೋಣೆಯಲ್ಲಿರಲಿ, ಇಲ್ಲದಿದ್ದರೆ ನಡುವೆ ಬರುವ ಜಾಹೀರಾತು ಎಲ್ಲ ಕೆಡಿಸುತ್ತದೆ. ಇಯರ್‌ಫೋನ್ ಬೇಡ, ಚಿಕ್ಕ ಸ್ಪೀಕರ್ ಸಾಕು, ನೀವು ಸಹಜ ದನಿಯಲ್ಲಿ ಕರೆದದ್ದು ಅವನಿಗೆ ಕೇಳಿಸಬೇಕು. 15 ನಿಮಿಷ ಕೆಲಸ, 5 ನಿಮಿಷ ಬಿಡುವು. ಬಿಡುವಿನಲ್ಲಿ ಹಾಡು ನಿಲ್ಲಲಿ.

ಫಲವಿದೆಯೇ ಎಂದು ಊಹಿಸಬೇಡಿ, ಎಣಿಸಿ. ಒಂದು ದಿನ ಹಾಡಿನೊಂದಿಗೆ, ಮರುದಿನ ಹಾಡಿಲ್ಲದೆ, ಹೀಗೆ 10 ಸಂಜೆ ಒಂದೇ ಮಟ್ಟದ 20 ಲೆಕ್ಕ ಕೊಡಿ. ಸರಿಯಾದವು ಎಷ್ಟು, ಎದ್ದು ಹೋದದ್ದು ಎಷ್ಟು ಸಲ, ಕ್ಯಾಲೆಂಡರ್ ಮೇಲೆ ಬರೆಯಿರಿ. ಕೂತಿದ್ದಾನೆ, ಆದರೆ ತಪ್ಪು ಹೆಚ್ಚಿವೆ ಎಂದಾದರೆ ಅವನು ಕೇಳುತ್ತಿರುವುದು ಹಾಡನ್ನು. ಫಲ ಕಂಡರೂ ಕೆಲವು ವಾರಕ್ಕೆ ಕಿವಿ ಒಗ್ಗಿಹೋಗಿ ಮಂಕಾಗಬಹುದು. ಆಗ ಪಟ್ಟಿ ಬದಲಿಸಿ, ದನಿ ಏರಿಸಬೇಡಿ. ಆ ಕ್ಯಾಲೆಂಡರನ್ನು ಮುಂದಿನ ಭೇಟಿಗೆ ಒಯ್ಯಿರಿ, ವೈದ್ಯರಿಗೆ ಅದು ಬಲು ಉಪಯೋಗ.

ಪ್ರಶ್ನೆ: 7 ವರ್ಷದ ಮಗಳು ಒಂದು ಕಡೆ ಕೂರುವುದಿಲ್ಲ. ತಬಲಾ ಕ್ಲಾಸಿಗೆ ಹಾಕಿದರೆ ಸರಿಹೋಗುತ್ತಾಳೆಯೇ?
— ಓದುಗರು, ಹೊಳಲ್ಕೆರೆ

ಉತ್ತರ: ತಬಲಾ ಕಲಿಯಲಿ, ಚಿಕಿತ್ಸೆ ಎಂದುಕೊಂಡಲ್ಲ. ತಾಳದ ನಾಲ್ಕು ಎಣಿಕೆ ಬಾರಿಸಿ ನಾಲ್ಕು ಎಣಿಕೆ ಕೈ ತಡೆಯುವ ಅಭ್ಯಾಸ ಇಂಥ ಮಕ್ಕಳಿಗೆ ಹಿಡಿಸುತ್ತದೆ. ಮೊದಮೊದಲು 10 ನಿಮಿಷ ಸಾಕು. ಆದರೆ ಈ ಚಡಪಡಿಕೆ ಮನೆಯಲ್ಲೂ ಶಾಲೆಯಲ್ಲೂ 6 ತಿಂಗಳಿಂದ ಇದ್ದರೆ, ಕ್ಲಾಸಿಗೆ ಸೇರಿಸುವ ಮುಂಚೆ ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ. ಕಿವಿ, ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ.