ಕಾಲಾಡಿಸದೆ ಜಾರುವ ಪಾತ್ರಕ್ಕೆ ಎರಡು ಸಣ್ಣ ಫಂಕ್ಷನ್‌ಗಳು

ಪೈಗೇಮ್‌ನಲ್ಲಿ (ಪೈಥಾನ್ ಭಾಷೆಯಲ್ಲಿ ಆಟಗಳನ್ನು ಬರೆಯಲು ಬಳಸುವ ಲೈಬ್ರರಿ) ಬರೆದಿರುವ ತಮ್ಮ ಆಟದಲ್ಲಿ ಪಾತ್ರವು ನಿಂತಾಗ ಅದುರುತ್ತದೆ, ಬಾಣದ ಕೀಲಿ ಒತ್ತಿ ಹಿಡಿದರೆ ಕಾಲಾಡಿಸದೆ ಜಾರುತ್ತದೆ ಎಂದು ಕೇಳಿದ್ದೀರಿ. ತಾವು ಹಾಕಿರುವ ಕೋಡನ್ನು ಓದಿದೆ. ಚಿತ್ರಗಳಲ್ಲಿ ದೋಷವಿಲ್ಲ; ಅವನ್ನು ಮತ್ತೆ ಬಿಡಿಸಲು ಹೋಗಬೇಡಿ.

ಅದುರುವುದಕ್ಕೆ ಕಾರಣ, ಆಟವನ್ನು ನಡೆಸುವ ಲೂಪಿನ ಪ್ರತಿ ಸುತ್ತಿನಲ್ಲೂ ಚಿತ್ರದ ಸಂಖ್ಯೆಯನ್ನು ಒಂದೊಂದು ಹೆಚ್ಚಿಸುತ್ತಿರುವುದು. ಲೂಪು ಸೆಕೆಂಡಿಗೆ 60 ಸಲ ಸುತ್ತುವುದರಿಂದ ಆರು ಚಿತ್ರಗಳ ಸರಣಿ 0.1 ಸೆಕೆಂಡಿನಲ್ಲೇ ಮುಗಿದುಹೋಗುತ್ತದೆ. ಸುತ್ತುಗಳನ್ನು ಎಣಿಸುವ ಬದಲು ಕಾಲವನ್ನು ಎಣಿಸಿ. ಪೈಗೇಮ್‌ನ ಗಡಿಯಾರವಾದ ಕ್ಲಾಕ್‌ನ ಟಿಕ್ ಫಂಕ್ಷನ್ ಹಿಂದಿನ ಕರೆಯಿಂದ ಕಳೆದ ಮಿಲಿಸೆಕೆಂಡುಗಳನ್ನು ಹಿಂದಿರುಗಿಸುತ್ತದೆ. ‘ಮುಂದಿನ ಚಿತ್ರ’ ಎಂಬ ಫಂಕ್ಷನ್ ಅದನ್ನು ಪಡೆದು ಒಂದು ಟೈಮರ್‌ಗೆ ಕೂಡುತ್ತಾ ಹೋಗಲಿ, ಟೈಮರ್ 100 ಮುಟ್ಟಿದಾಗ ಚಿತ್ರವನ್ನು ಬದಲಿಸಲಿ. ಸಂಖ್ಯೆಗೆ ಒಂದು ಕೂಡಿಸಿ, ಸರಣಿಯ ಉದ್ದದಿಂದ ಭಾಗಿಸಿ, ಶೇಷವನ್ನು ಇಟ್ಟುಕೊಂಡರೆ ಕೊನೆಯ ಚಿತ್ರದ ನಂತರ ಮೊದಲನೆಯದು ತಾನಾಗಿಯೇ ಬರುತ್ತದೆ.

ಚಿತ್ರ ಬದಲಾದ ಮೇಲೆ ಟೈಮರನ್ನು ಸೊನ್ನೆ ಮಾಡದೆ ಅದರಿಂದ 100 ಕಳೆಯಿರಿ. ನಿಧಾನವಾದ ಯಂತ್ರದಲ್ಲಿ ಒಂದು ಸುತ್ತಿಗೆ 33 ಮಿಲಿಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳಿ: ಮೂರು ಸುತ್ತಿಗೆ 99 ಆಗುವುದರಿಂದ ಚಿತ್ರ ಬದಲಾಗುವುದು ನಾಲ್ಕನೆಯ ಸುತ್ತಿನಲ್ಲಿ, 132ಕ್ಕೆ. ಸೊನ್ನೆ ಮಾಡಿದರೆ ಉಳಿದ 32 ಪ್ರತಿ ಸಲವೂ ಸೋರಿಹೋಗಿ, ಸೆಕೆಂಡಿಗೆ ಹತ್ತು ಚಿತ್ರಗಳ ಬದಲು ಏಳೆಂಟು ಮಾತ್ರ ಕಾಣುತ್ತವೆ.

ಕಾಲಾಡದಿರುವುದರ ಮೂಲ ಬೇರೆ. ಕೀಲಿ ಒತ್ತಿರುವಷ್ಟು ಹೊತ್ತೂ ಪಾತ್ರವನ್ನು ನಿಂತ ಸ್ಥಿತಿಯಿಂದ ನಡೆಯುವ ಸ್ಥಿತಿಗೆ ತರುವ ತಮ್ಮ ‘ಸ್ಥಿತಿ ಬದಲಿಸು’ ಫಂಕ್ಷನ್ ಪ್ರತಿ ಸುತ್ತಿನಲ್ಲೂ ನಡೆದು, ಚಿತ್ರದ ಸಂಖ್ಯೆಯನ್ನು ಸೊನ್ನೆಗೆ ತರುತ್ತಿದೆ. ಪಾಪ, ಪಾತ್ರ ಮೊದಲ ಹೆಜ್ಜೆ ಎತ್ತುವಷ್ಟರಲ್ಲಿ ಮತ್ತೆ ಆರಂಭಕ್ಕೇ ಬರುತ್ತದೆ. (ನಾನೂ ಇದೇ ತಪ್ಪಿಗೆ ಒಂದು ಇಡೀ ರಾತ್ರಿ ಕಳೆದಿದ್ದೇನೆ.) ಆ ಫಂಕ್ಷನ್ನಿನ ಮೊದಲ ಸಾಲಿನಲ್ಲೇ, ಹೊಸ ಸ್ಥಿತಿ ಈಗಿನ ಸ್ಥಿತಿಯೇ ಆಗಿದ್ದರೆ ಏನನ್ನೂ ಮಾಡದೆ ಹಿಂದಿರುಗುವಂತೆ ಬರೆಯಿರಿ. ಸ್ಥಿತಿ ನಿಜವಾಗಿ ಬದಲಾದಾಗ ಮಾತ್ರ ಸಂಖ್ಯೆಯನ್ನೂ ಟೈಮರನ್ನೂ ಸೊನ್ನೆ ಮಾಡಿ.

ಎಡಕ್ಕೆ ತಿರುಗಿದ ಚಿತ್ರಗಳನ್ನು ಪ್ರತ್ಯೇಕವಾಗಿ ಬಿಡಿಸಬೇಕಾಗಿಲ್ಲ, ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವ ಫ್ಲಿಪ್ ಫಂಕ್ಷನ್ ಸಾಕು.

ಇಷ್ಟಾದ ಮೇಲೂ ಪಾದಗಳು ನೆಲದ ಮೇಲೆ ಜಾರಿದಂತೆ ಕಂಡರೆ ವೇಗವನ್ನು ಹೊಂದಿಸಿ. ಆರು ಚಿತ್ರಗಳ ಒಂದು ಸರಣಿಗೆ 0.6 ಸೆಕೆಂಡು ಬೇಕು. ಅಷ್ಟರಲ್ಲಿ ಪಾತ್ರದ ಎರಡು ಹೆಜ್ಜೆಗಳು ಚಿತ್ರದಲ್ಲಿ 48 ಪಿಕ್ಸೆಲ್ ದಾಟುವಂತಿದ್ದರೆ, ಅದರ ವೇಗ ಸೆಕೆಂಡಿಗೆ 80 ಪಿಕ್ಸೆಲ್ ಇರಬೇಕು.